ಪ್ರತಿವಾದಿ ಹಾಜರಿಲ್ಲದ ಹಾಡು

ನ್ಯಾಯಾಲಯದಲ್ಲಿ ಪ್ರತಿವಾದಿ ಹಾಜರಾಗದೆ ಹೋದರೆ ವಾದಿಯ ಮಾತನ್ನಷ್ಟೇ ಆಲಿಸಿ ಏಕಪಕ್ಷೀಯ ತೀರ್ಪು ನೀಡುವುದಕ್ಕೆ ಕಾನೂನು ಅವಕಾಶ ಕೊಡುತ್ತದೆ. ಆದರೆ ಅದಕ್ಕೂ ಕಟ್ಟುಪಾಡುಗಳುಂಟು. ಪ್ರತಿವಾದಿಗೆ ಸಮನ್ಸು ತಲುಪಿರಬೇಕು. ತಕ್ಕ ಕಾರಣದಿಂದ ತಾನು ಬರಲಾಗಲಿಲ್ಲವೆಂದು ಆತ ತೋರಿಸಿಕೊಟ್ಟರೆ ಆ ತೀರ್ಪನ್ನು ರದ್ದುಗೊಳಿಸಿ ವಿಚಾರಣೆಯನ್ನು ಮತ್ತೆ ತೆರೆಯಬೇಕು. ಪ್ರೇಮಭಂಗದ ಹಾಡುಗಳ ನ್ಯಾಯಾಲಯದಲ್ಲಿ ಇಂತಹ ಕಟ್ಟುಪಾಡು ಒಂದೂ ಇಲ್ಲ. ಅಲ್ಲಿ ವಾದಿಯೇ ಸಾಕ್ಷಿ, ವಾದಿಯೇ ವಕೀಲ. ಮೂರು ನಿಮಿಷಗಳಲ್ಲಿ ವಿಚಾರಣೆ ಮುಗಿಯುತ್ತದೆ. ಕೇಳಿದವರೆಲ್ಲ ಕಣ್ಣೊರೆಸಿಕೊಂಡು ತೀರ್ಪು ಕೊಡುತ್ತಾರೆ. ಹೊರಟುಹೋದವಳು ಏಕೆ ಹೋದಳೆಂದು ಕೇಳುವವರು ಯಾರೂ ಇರುವುದಿಲ್ಲ.

ಈ ಮಾತಿಗೆ ನಿದರ್ಶನವಾಗಿ ನಮ್ಮ ನೆಲದಿಂದ ಬಹು ದೂರದ ಹಾಡೊಂದನ್ನು ಈ ವಾರ ಓದುಗರ ಮುಂದಿಡುತ್ತಿದ್ದೇನೆ. ದಕ್ಷಿಣ ಅಮೆರಿಕದ ಟ್ಯಾಂಗೊ ಸಂಗೀತದ ಅತ್ಯಂತ ಪ್ರಸಿದ್ಧ ಕೃತಿ ಅದು. ಹೆಸರು 'ಲಾ ಕುಂಪಾರ್ಸಿತಾ'. ಹೆಸರು ಹೊಸದೆನಿಸಿದರೂ ರಾಗ ಕೇಳಿದರೆ ಇದನ್ನು ಎಲ್ಲೋ ಕೇಳಿದ್ದೇವೆ ಎಂದು ಅನೇಕರಿಗೆ ಅನಿಸೀತು. ಚಲನಚಿತ್ರಗಳಲ್ಲಿ ಯಾರಾದರೂ ಟ್ಯಾಂಗೊ ನರ್ತಿಸುವ ಸನ್ನಿವೇಶ ಬಂದಾಗ ಹಿನ್ನೆಲೆಯಲ್ಲಿ ಕೇಳಿಬರುವುದು ಬಹುಮಟ್ಟಿಗೆ ಇದೇ ರಾಗ. ಈ ಒಂದು ಕೃತಿಯನ್ನು ಆರಿಸಿಕೊಳ್ಳಲು ಕಾರಣವಿದೆ. ಪ್ರೀತಿ ಮತ್ತು ವಂಚನೆ ಇದರ ಸಾಹಿತ್ಯದ ವಸ್ತು. ಅದರೊಂದಿಗೆ, ಈ ಹಾಡಿನ ಸ್ವಂತ ಜೀವನದಲ್ಲಿಯೂ ಒಂದು ನಂಬಿಕೆಗೇಡು ನಡೆದು, ಅದು ನ್ಯಾಯಾಲಯದ ಮೆಟ್ಟಿಲೇರಿ ಎರಡು ದಶಕಗಳ ಕಾಲ ಅಲ್ಲಿಯೇ ಉಳಿಯಿತು. ಹೃದಯದ ವ್ಯಾಜ್ಯ, ಕಡತದ ವ್ಯಾಜ್ಯ ಎರಡೂ ಒಂದೇ ರಾಗದ ಸುತ್ತ ಹೆಣೆದುಕೊಂಡಿರುವುದು ಅಪರೂಪ.

ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್ ಮತ್ತು ಉರುಗ್ವೆಯ ರಾಜಧಾನಿ ಮೊಂಟೆವಿಡಿಯೊ ನಗರಗಳು ಪ್ಲಾಟಾ ಎಂಬ ಸಮುದ್ರದಷ್ಟು ವಿಸ್ತಾರವಾದ ನದೀಮುಖದ ಎರಡು ದಡಗಳಲ್ಲಿವೆ. ಟ್ಯಾಂಗೊ ಈ ಎರಡೂ ದಡಗಳ ಸ್ವತ್ತು. 2009ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಎರಡೂ ದೇಶಗಳ ಜಂಟಿ ಕೋರಿಕೆಯ ಮೇರೆಗೆ. 'ಲಾ ಕುಂಪಾರ್ಸಿತಾ'ದ ರಾಗ ಹುಟ್ಟಿದ್ದು ಮೊಂಟೆವಿಡಿಯೊದಲ್ಲಿ. ಹೆರಾರ್ದೊ ಮಾತೋಸ್ ರೊದ್ರಿಗೆಸ್ ಎಂಬ ವಾಸ್ತುಶಿಲ್ಪದ ವಿದ್ಯಾರ್ಥಿ ಇನ್ನೂ ಇಪ್ಪತ್ತು ತುಂಬುವ ಮುನ್ನವೇ, ವಿದ್ಯಾರ್ಥಿ ಸಂಘದ ಕಾರ್ನಿವಲ್ ಮೆರವಣಿಗೆಗಾಗಿ ಅದನ್ನು ರಚಿಸಿದ. 'ಕುಂಪಾರ್ಸಿತಾ' ಎಂದರೆ ಕಾರ್ನಿವಲ್ ಹಬ್ಬದ ಪುಟ್ಟ ಮೇಳ. ಆಗ ಅದಕ್ಕೆ ಸಾಹಿತ್ಯವಿರಲಿಲ್ಲ. ಅದು ಹೆಜ್ಜೆ ಹಾಕುವ ನಡಿಗೆಯ ರಾಗ. ಬ್ಯೂನಸ್ ಐರಿಸ್‌ನಿಂದ ಬಂದಿದ್ದ ರೊಬೆರ್ತೊ ಫಿರ್ಪೊ ಎಂಬ ವಾದ್ಯವೃಂದದ ನಾಯಕ ಅದನ್ನು ಟ್ಯಾಂಗೊ ಆಗಿ ಮಾರ್ಪಡಿಸಿ, 'ಲಾ ಹಿರಾಲ್ದಾ' ಎಂಬ ಕಾಫಿಗೃಹದಲ್ಲಿ ಮೊದಲ ಬಾರಿಗೆ ನುಡಿಸಿದ. ಹುಡುಗ ತನ್ನ ಕೃತಿಯನ್ನು ಅಲ್ಪ ಹಣಕ್ಕೆ ಪ್ರಕಾಶಕರಿಗೆ ಮಾರಿಬಿಟ್ಟ. ರಾಗ ಕೆಲಕಾಲ ಮೆರೆದು ಮರೆಗೆ ಸರಿಯಿತು.

1924ರಲ್ಲಿ ಅದು ಮತ್ತೆ ಎದ್ದು ಬಂದದ್ದು ಬ್ಯೂನಸ್ ಐರಿಸ್‌ನ ರಂಗಭೂಮಿಯಲ್ಲಿ. ಪಾಸ್ಕುವಲ್ ಕೊಂತುರ್ಸಿ ಮತ್ತು ಎನ್ರಿಕೆ ಮರೋನಿ ಎಂಬ ಇಬ್ಬರು ಬರಹಗಾರರು ತಮ್ಮ ನಾಟಕವೊಂದಕ್ಕಾಗಿ ಆ ರಾಗಕ್ಕೆ ಮಾತುಗಳನ್ನು ಜೋಡಿಸಿದರು. ಹೆಸರನ್ನೂ ಬದಲಿಸಿದರು. ಹೊಸ ಹೆಸರು 'ಸಿ ಸುಪಿಯೆರಾಸ್', ಎಂದರೆ 'ನಿನಗೆ ತಿಳಿದಿದ್ದರೆ'. ರಾಗ ಕಟ್ಟಿದವನ ಅನುಮತಿಯನ್ನು ಅವರು ಕೇಳಲಿಲ್ಲ. ಅಂದಿನ ಮಹಾಗಾಯಕ ಕಾರ್ಲೋಸ್ ಗಾರ್ದೆಲ್ ಅದನ್ನು ಹಾಡಿ ಧ್ವನಿಮುದ್ರಿಸಿದ. ಹಾಡು ಊರೂರಿಗೆ ಹರಡಿತು.

ಆ ಹಾಡಿನಲ್ಲಿ ಏನಿದೆ? ಒಬ್ಬ ಗಂಡಸು ತನ್ನನ್ನು ತೊರೆದು ಹೋದವಳನ್ನು ಉದ್ದೇಶಿಸಿ ಮಾತನಾಡುತ್ತಾನೆ. ತನ್ನೊಳಗೆ ಆ ಹಳೆಯ ಅಕ್ಕರೆ ಇನ್ನೂ ಹಾಗೆಯೇ ಉಳಿದಿದೆಯೆಂದು ಅವಳಿಗೆ ತಿಳಿದಿದ್ದರೆ, ಬಹುಶಃ ಅವಳೂ ತನ್ನನ್ನು ನೆನೆದಾಳು ಎನ್ನುತ್ತಾನೆ. ಗೆಳೆಯರು ಈಗ ತನ್ನತ್ತ ಸುಳಿಯುವುದಿಲ್ಲ, ಸಮಾಧಾನ ಹೇಳುವವರಿಲ್ಲ ಎಂದು ಹಲುಬುತ್ತಾನೆ. ತನ್ನ ಬಡ ಹೃದಯಕ್ಕೆ ನೀನು ಮಾಡಿದ್ದೇನೆಂದು ಕೇಳುತ್ತಾನೆ. ಅವಳಿದ್ದಾಗ ಕಿಟಕಿಯಿಂದ ಇಣುಕುತ್ತಿದ್ದ ಬೆಳಗಿನ ಬಿಸಿಲು ಈಗ ಆ ಕೋಣೆಗೆ ಬರುವುದೇ ಇಲ್ಲ. ಅವಳಿಲ್ಲದ ಕೊರಗಿಗೆ ಅನ್ನ ಬಿಟ್ಟಿದ್ದ ಪುಟ್ಟ ನಾಯಿಯೊಂದಿತ್ತು. ತಾನೊಬ್ಬನೇ ಉಳಿದದ್ದನ್ನು ಕಂಡು ಅದೂ ಮೊನ್ನೆ ಹೊರಟುಹೋಯಿತು. ಇಷ್ಟೇ ಹಾಡು.

ವಕೀಲನ ಕಣ್ಣಿನಿಂದ ಇದನ್ನು ಓದಿದರೆ ಒಂದು ಸಂಗತಿ ಬೆರಗು ಹುಟ್ಟಿಸುತ್ತದೆ. ಈ ಅರ್ಜಿಯಲ್ಲಿ ಆರೋಪವೇ ಇಲ್ಲ. ಅವಳು ಸುಳ್ಳು ಹೇಳಿದಳೆಂದು ಅವನು ಹೇಳುವುದಿಲ್ಲ. ಇನ್ನೊಬ್ಬನ ಸಂಗ ಮಾಡಿದಳೆಂದು ಹೇಳುವುದಿಲ್ಲ. ಮಾತು ಕೊಟ್ಟು ತಪ್ಪಿದಳೆಂದೂ ಹೇಳುವುದಿಲ್ಲ. ಅವನು ಹೇಳುವುದು ಇಷ್ಟೇ: ಅವಳು ಹೋದಳು, ನನಗೆ ನೋವಾಗಿದೆ. ವಂಚನೆಯೆಂಬ ಮಾತನ್ನು ಆ ಹಾಡಿಗೆ ತುಂಬುವವರು ನಾವು, ಕೇಳುಗರು. ದುಃಖವಿದ್ದಲ್ಲಿ ಅಪರಾಧಿಯೊಬ್ಬ ಇರಲೇಬೇಕೆಂಬ ಅವಸರ ನಮ್ಮದು. ಅಗಲಿಕೆ ಮತ್ತು ವಂಚನೆ ಇವೆರಡರ ನಡುವೆ ದೊಡ್ಡ ಅಂತರವಿದೆ. ಕಣ್ಣೀರಿನ ಬಿಸಿಗೆ ಆ ಅಂತರ ಕರಗಿಹೋಗುತ್ತದೆ.

ಕೊಂತುರ್ಸಿಗೆ ಇದು ಮೊದಲ ಪ್ರಯೋಗವಲ್ಲ. ಟ್ಯಾಂಗೊ ಸಾಹಿತ್ಯದ ಚರಿತ್ರೆಯೇ ಅವನ ಲೇಖನಿಯಿಂದ ಆರಂಭವಾಗುತ್ತದೆ ಎನ್ನಬಹುದು. ಅದಕ್ಕೂ ಮೊದಲು ಟ್ಯಾಂಗೊಗೆ ಮಾತುಗಳಿರಲಿಲ್ಲವೆಂದಲ್ಲ. ಇದ್ದವು ಬಹುಪಾಲು ಚೇಷ್ಟೆಯ, ಜಂಬದ, ಪೋಲಿತನದ ಮಾತುಗಳು. ಸಾಮುವೆಲ್ ಕಾಸ್ತ್ರಿಯೊತಾ ಎಂಬವನ ವಾದ್ಯಕೃತಿಯೊಂದಕ್ಕೆ ಕೊಂತುರ್ಸಿ ಹೊಸ ಸಾಹಿತ್ಯ ಬರೆದ. 1917ರಲ್ಲಿ ಗಾರ್ದೆಲ್ ಅದನ್ನು 'ನನ್ನ ದುಃಖದ ರಾತ್ರಿ' ಎಂಬ ಅರ್ಥದ ಹೆಸರಿನಿಂದ ಹಾಡಿದ. ಅಲ್ಲಿಯೂ ತೊರೆದು ಹೋದ ಹೆಣ್ಣು, ಖಾಲಿ ಕೋಣೆ. ಅವಳಿಲ್ಲದ್ದಕ್ಕೆ ಕನ್ನಡಿ ಅತ್ತಂತಿದೆ, ಗಿಟಾರು ಕಪಾಟಿನಲ್ಲಿ ಮೌನವಾಗಿ ತೂಗುತ್ತಿದೆ, ದೀಪ ಬೆಳಗಲು ಒಲ್ಲೆನೆನ್ನುತ್ತಿದೆ. ಸಾಕ್ಷಿಗಳೆಲ್ಲ ವಾದಿಯ ಕೋಣೆಯವೇ, ಒಂದಕ್ಕೂ ಪಾಟೀಸವಾಲಿಲ್ಲ. ಆ ಒಂದು ಹಾಡಿನಿಂದ ಟ್ಯಾಂಗೊ ಕೇವಲ ಕಾಲಿನ ಕಲೆಯಾಗಿ ಉಳಿಯದೆ ಕೊರಳಿನ ಕಲೆಯೂ ಆಯಿತು. ಮುಂದಿನ ಹಲವು ವರ್ಷ, ಹೋದವಳು ಮತ್ತು ಉಳಿದವನು ಎಂಬ ಈ ಸನ್ನಿವೇಶವನ್ನು ಕವಿಗಳು ಸಾವಿರ ಬಗೆಯಲ್ಲಿ ತಿರುವಿ ಹಾಕಿದರು.

ಆ ಊರಿನಲ್ಲಿ ಆ ದುಃಖ ಅಷ್ಟು ಬೇಗ ನೆಲೆಯೂರಿದ್ದಕ್ಕೆ ಸಾಮಾಜಿಕ ಕಾರಣವಿತ್ತು. 1914ರ ಜನಗಣತಿಯ ವೇಳೆಗೆ ಬ್ಯೂನಸ್ ಐರಿಸ್‌ನ ನಿವಾಸಿಗಳಲ್ಲಿ ಸುಮಾರು ಅರ್ಧದಷ್ಟು ಜನ ಬೇರೆ ದೇಶಗಳಲ್ಲಿ ಹುಟ್ಟಿದವರು; ಇಟಲಿಯವರು, ಸ್ಪೇನಿನವರು ಹೆಚ್ಚು. ಹಡಗಿನಿಂದ ಇಳಿದವರಲ್ಲಿ ಗಂಡಸರ ಸಂಖ್ಯೆ ಹೆಂಗಸರಿಗಿಂತ ಬಹಳ ದೊಡ್ಡದು. ತಾಯ್ನೆಲ ದೂರ, ಸಂಸಾರವಿಲ್ಲ, ವಠಾರದ ಒಂದು ಕೋಣೆಯೇ ಪ್ರಪಂಚ. ಅಂತಹವನಿಗೆ ಒಬ್ಬ ಹೆಣ್ಣು ದೊರೆತರೆ ಅವಳೇ ಮನೆ, ಅವಳೇ ಊರು. ಅವಳು ಹೋದರೆ ಎರಡನೆಯ ಬಾರಿ ಊರು ಬಿಟ್ಟಂತೆ. ಈ ಹಾಡುಗಳ ಭಾಷೆಯೂ ಅದೇ ವಠಾರಗಳದು. ಸ್ಪ್ಯಾನಿಷ್ ಭಾಷೆಗೆ ಇಟಲಿಯ ಉಪಭಾಷೆಗಳ ಪದಗಳು ಬೆರೆತು ಹುಟ್ಟಿದ ಆ ಬೀದಿನುಡಿಗೆ 'ಲುನ್ಫಾರ್ದೊ' ಎಂದು ಹೆಸರು. 1943ರ ಸೈನಿಕ ಕ್ರಾಂತಿಯ ಬಳಿಕ ಬಾನುಲಿಯಲ್ಲಿ ಆ ನುಡಿಗೆ ನಿರ್ಬಂಧ ಬಿದ್ದು, ಜನರ ಬಾಯಲ್ಲಿ ನೆಲೆಸಿದ್ದ ಹಾಡುಗಳನ್ನು 'ಶಿಷ್ಟ' ಸ್ಪ್ಯಾನಿಷಿಗೆ ತಿದ್ದಿ ಹಾಡಬೇಕಾಯಿತು. ಮನೆಯಲ್ಲಿ ಎರಡು ಮೂರು ನುಡಿಗಳನ್ನು ಬೆರೆಸಿ ಬದುಕುವ ನಮ್ಮಂಥವರಿಗೆ ಆ ತಿದ್ದುಪಡಿಯ ಅರ್ಥ ವಿವರಿಸಬೇಕಾಗಿಲ್ಲ. ತಿದ್ದಿದ ಸಾಲುಗಳು ಜನರ ನಾಲಗೆಯಲ್ಲಿ ನಿಲ್ಲಲಿಲ್ಲ. ಮೂಲದ ಮಾತುಗಳೇ ಉಳಿದವು.

ಇನ್ನು ಹೋದವಳ ಕಡೆಗೆ ಬರೋಣ. ಹಾಡಿನಲ್ಲಿರುವವರು ವಿವಾಹಿತರೋ ಅಲ್ಲವೋ ಎಂದು ಹಾಡು ಹೇಳುವುದಿಲ್ಲ. ಆದರೆ ಆ ಕಾಲದಲ್ಲಿ ಒಬ್ಬ ಹೆಣ್ಣು ತನಗೆ ಒಗ್ಗದ ಬಾಳಿನಿಂದ ಹೊರನಡೆಯಲು ಎಷ್ಟು ದಾರಿಗಳಿದ್ದವೆಂದು ಕಾನೂನು ಪುಸ್ತಕ ಹೇಳಬಲ್ಲದು. ಎರಡು ದಡಗಳಲ್ಲಿ ಎರಡು ಉತ್ತರಗಳಿದ್ದವು. ಅರ್ಜೆಂಟೀನಾದ 1888ರ ವಿವಾಹ ಕಾಯಿದೆಯ ಪ್ರಕಾರ ವಿವಾಹಬಂಧನ ಸಾವಿನಿಂದಲ್ಲದೆ ಕಳಚುತ್ತಿರಲಿಲ್ಲ. ನ್ಯಾಯಾಲಯ ದಂಪತಿಗಳಿಗೆ ಬೇರೆ ಬೇರೆ ವಾಸಿಸಲು ಅನುಮತಿ ಕೊಡಬಹುದಿತ್ತು, ಮರುಮದುವೆಗೆ ಕೊಡುವಂತಿರಲಿಲ್ಲ. 1950ರ ದಶಕದ ನಡುವೆ ಅಲ್ಪಕಾಲ ತೆರೆದು ಮುಚ್ಚಿದ ಬಾಗಿಲೊಂದನ್ನು ಬಿಟ್ಟರೆ, ಅಲ್ಲಿ ಪೂರ್ಣ ವಿಚ್ಛೇದನ ಶಾಶ್ವತವಾಗಿ ಜಾರಿಗೆ ಬಂದದ್ದು 1987ರಲ್ಲಿ. ವಿವಾಹಿತೆ ಗಂಡನ ಒಪ್ಪಿಗೆಯಿಲ್ಲದೆ ಉದ್ಯೋಗ ಮಾಡಿ ತನ್ನ ಗಳಿಕೆಯನ್ನು ತಾನೇ ನೋಡಿಕೊಳ್ಳುವ ಹಕ್ಕು ದೊರೆತದ್ದು 1926ರ ಕಾಯಿದೆಯಿಂದ. ಎಂದರೆ 'ನಿನಗೆ ತಿಳಿದಿದ್ದರೆ' ಹಾಡು ಹುಟ್ಟಿ ಎರಡು ವರ್ಷಗಳ ನಂತರ.

ನದಿ ದಾಟಿದರೆ ಬೇರೆಯೇ ಲೋಕ. ಉರುಗ್ವೆಯಲ್ಲಿ 1907ರಲ್ಲಿಯೇ ವಿಚ್ಛೇದನ ಕಾಯಿದೆ ಬಂದಿತ್ತು. 1913ರಲ್ಲಿ ಅದಕ್ಕೆ ಇನ್ನೊಂದು ಮಾತು ಸೇರಿತು: ಹೆಂಡತಿ ಕಾರಣ ಹೇಳದೆ, ಕೇವಲ ತನ್ನ ಇಚ್ಛೆಯಿಂದಲೇ ವಿಚ್ಛೇದನ ಬೇಡಬಹುದು. ಆ ಹಕ್ಕು ಹೆಂಡತಿಗೆ ಮಾತ್ರ, ಗಂಡನಿಗಿಲ್ಲ. ಕಾರ್ಲೋಸ್ ವಾಸ್ ಫೆರೇರಾ ಎಂಬ ತತ್ತ್ವಜ್ಞಾನಿಯ ವಿಚಾರ ಅದರ ಹಿಂದಿತ್ತು. ಮದುವೆಯೊಳಗೆ ಗಂಡು ಹೆಣ್ಣುಗಳ ಬಲ ಸಮನಾಗಿಲ್ಲ. ಹೊರೆ ಹೆಚ್ಚು ಬೀಳುವವಳಿಗೆ ಬಾಗಿಲ ಕೀಲಿಯೂ ಇರಲಿ ಎಂಬುದು ಅದರ ಸಾರ. ಒಂದೇ ರಾಗ, ಒಂದೇ ನರ್ತನ, ಒಂದೇ ಭಾಷೆ. ನಡುವೆ ಒಂದು ಗಡಿ. ಗಡಿಯ ಈಚೆ ಹೊರನಡೆದವಳು ಕಾನೂನು ಕೊಟ್ಟ ಹಕ್ಕನ್ನು ಚಲಾಯಿಸಿದವಳು, ಆಚೆ ಹೊರನಡೆದವಳು ಸಾಯುವ ತನಕ ಪರರ ಹೆಂಡತಿ. ಗಡಿ ದಾಟಿದೊಡನೆ ನಿಯಮ ಬದಲಾಗುವುದನ್ನು ದಿನವೂ ಕಾಣುವ ನಮ್ಮ ಓದುಗರಿಗೆ ಇದು ಅರ್ಥವಾಗದ ಸಂಗತಿಯಲ್ಲ. ಆದರೆ ಹಾಡು ಎರಡೂ ದಡಗಳಲ್ಲಿ ಒಂದೇ ತೀರ್ಪು ಕೊಡಿಸಿಕೊಂಡಿತು.

ಈಗ ಕಡತದ ವ್ಯಾಜ್ಯಕ್ಕೆ ಬರುತ್ತೇನೆ. ರಾಗ ಕಟ್ಟಿದ ಮಾತೋಸ್ ರೊದ್ರಿಗೆಸ್ ಆ ವೇಳೆಗೆ ಪ್ಯಾರಿಸ್ಸಿನಲ್ಲಿದ್ದ. ಅಲ್ಲಿಗೆ ತನ್ನ ವಾದ್ಯವೃಂದದೊಂದಿಗೆ ಬಂದಿದ್ದ ಫ್ರಾನ್ಸಿಸ್ಕೊ ಕನಾರೊನಿಂದ ಅವನಿಗೆ ಸುದ್ದಿ ತಿಳಿಯಿತು: 'ನಿನಗೆ ತಿಳಿದಿದ್ದರೆ' ಎಂಬ ಹಾಡೊಂದು ಎಲ್ಲ ವಾದ್ಯವೃಂದಗಳಲ್ಲಿ ಮೊಳಗುತ್ತಿದೆ, ಮತ್ತು ಅದು ಅವನದೇ ರಾಗ. ತನ್ನ ಕೂಸು ಬೇರೆ ಹೆಸರಿನಲ್ಲಿ, ಬೇರೆಯವರ ಮನೆಯಲ್ಲಿ ಬೆಳೆದು ದೊಡ್ಡದಾಗಿರುವುದನ್ನು ಅವನು ಹೀಗೆ ಕೇಳಿ ತಿಳಿಯಬೇಕಾಯಿತು. 'ನಿನಗೆ ತಿಳಿದಿದ್ದರೆ' ಎಂಬ ಹೆಸರು ಅವನಿಗೆ ಎಷ್ಟು ಕಹಿಯಾಗಿ ಒದಗಿಬಂತೆಂಬುದನ್ನು ಓದುಗರು ಊಹಿಸಬಹುದು.

ಅವನು ಎರಡು ಕೆಲಸ ಮಾಡಿದ. ಒಂದು, ದಾವೆ ಹೂಡಿದ. ಇನ್ನೊಂದು, ತನ್ನ ರಾಗಕ್ಕೆ ತಾನೇ ಸಾಹಿತ್ಯ ಬರೆದ. ಈ ಎರಡನೆಯ ಸಾಹಿತ್ಯವನ್ನು ಇಂದು ಹಾಡುವವರು ವಿರಳ. ಆದರೆ ಮೊದಲನೆಯದರ ಪಕ್ಕದಲ್ಲಿಟ್ಟು ಓದಬೇಕು. ಕಾರ್ನಿವಲ್ ಮೇಳ ಅಲ್ಲಿ ಕೊನೆಯಿಲ್ಲದ ಸಂಕಟಗಳ ಮೆರವಣಿಗೆಯಾಗಿದೆ. ಅದು ಸುತ್ತುವರಿದಿರುವುದು ಸಾವಿನ ಹಾಸಿಗೆಯಲ್ಲಿರುವ ಒಬ್ಬನನ್ನು. ಅವನ ಕಥೆ ಹೀಗಿದೆ: ಪ್ರೇಮದಿಂದ ಕುರುಡನಾಗಿ ಒಬ್ಬ ಚೆಲುವೆಯ ಬೆನ್ನು ಹತ್ತಿದ; ಅದಕ್ಕಾಗಿ ಮುದಿ ತಾಯಿಯನ್ನು ಆಸರೆಯಿಲ್ಲದೆ ಬಿಟ್ಟುಹೋದ. ಆ ಚೆಲುವೆ ಅವನ ಪ್ರೀತಿಯನ್ನು ಅಣಕಿಸಿ, ಬೇಸರ ಬಂದಾಗ ಇನ್ನೊಬ್ಬನಿಗಾಗಿ ಅವನನ್ನು ಕೈಬಿಟ್ಟಳು. ಬಹುಕಾಲದ ಬಳಿಕ, ಗಾಯಗೊಂಡ ಮನಸ್ಸನ್ನು ಮಾಯಿಸಿಕೊಳ್ಳಲು ತಾಯಿಯ ಮನೆಗೆ ಮರಳಿದರೆ, ಹೋದ ಚಳಿಗಾಲದಲ್ಲಿ ಅವಳು ಚಳಿಗೆ ಸಿಕ್ಕಿ ತೀರಿಕೊಂಡಿದ್ದಳು.

ಒಂದೇ ರಾಗಕ್ಕೆ ಎರಡು ಅರ್ಜಿಗಳು. ಕೊಂತುರ್ಸಿಯ ಅರ್ಜಿಯಲ್ಲಿ ನೋವಿದೆ, ಆರೋಪವಿಲ್ಲ. ಮಾತೋಸನ ಅರ್ಜಿಯಲ್ಲಿ ಆರೋಪ ಸ್ಪಷ್ಟವಾಗಿದೆ, ಹೆಣ್ಣು ವಂಚಿಸಿದಳು. ಆದರೆ ಅದೇ ಉಸಿರಿನಲ್ಲಿ ವಾದಿಯ ಮೇಲೂ ಒಂದು ಆರೋಪವಿದೆ, ಮತ್ತು ಅದು ಹೆಚ್ಚು ಘೋರವಾದದ್ದು. ಅವಳು ಮಾಡಿದ ವಂಚನೆಯಿಂದ ಅವನ ಮನಸ್ಸು ಮುರಿಯಿತು. ಅವನು ಮಾಡಿದ ವಂಚನೆಯಿಂದ ಒಂದು ಮುದಿಜೀವ ಚಳಿಯಲ್ಲಿ ಹೆಪ್ಪುಗಟ್ಟಿತು. ತನ್ನನ್ನು ತೊರೆದವರ ಲೆಕ್ಕವನ್ನು ಬರೆಯುವವನು ತಾನು ತೊರೆದವರ ಲೆಕ್ಕವನ್ನೂ ಬರೆಯಬೇಕೆಂಬ ನ್ಯಾಯ ಆ ಸಾಹಿತ್ಯದಲ್ಲಿದೆ. ಕಾವ್ಯಗುಣದಲ್ಲಿ ಅದು ಕೊಂತುರ್ಸಿಯ ಹಾಡಿಗೆ ಸರಿಗಟ್ಟದು. ಕಣ್ಣೀರನ್ನು ಅದು ಬಲವಂತವಾಗಿ ಹಿಂಡುತ್ತದೆ. ಜನ ಆರಿಸಿಕೊಂಡದ್ದು ಕೊಂತುರ್ಸಿಯ ಸಾಲುಗಳನ್ನೇ. ಒಣಗಿದ ಕೋಣೆ, ಹೊರಟುಹೋದ ನಾಯಿ ಇವು ಯಾರ ಮನೆಯಲ್ಲಿಯಾದರೂ ಇರಬಹುದಾದವು. ಸಾಹಿತ್ಯದ ಮಟ್ಟಿಗೆ ಜನರ ಆಯ್ಕೆ ತಪ್ಪಲ್ಲ.

ದಾವೆಯ ಮಟ್ಟಿಗೆ ಕಥೆ ಬೇರೆ. ಹುಡುಗ ಕೃತಿಯನ್ನು ಮಾರಿದಾಗ ಅಪ್ರಾಪ್ತ ವಯಸ್ಕನಾಗಿದ್ದನೆಂಬ ಅಂಶ ಅವನ ನೆರವಿಗೆ ಬಂದು, ಕೃತಿಯ ಮೇಲಿನ ಹಕ್ಕು ಮರಳಿ ದೊರೆಯಿತು. ನಮ್ಮ ದೇಶದಲ್ಲಿಯೂ ಅಪ್ರಾಪ್ತ ವಯಸ್ಕರು ಮಾಡಿದ ಕರಾರು ಆದಿಯಿಂದಲೇ ಅಸಿಂಧು. 1903ರಲ್ಲಿ ಪ್ರಿವಿ ಕೌನ್ಸಿಲ್ ಇದನ್ನು ಸ್ಥಿರಪಡಿಸಿದ್ದನ್ನು ಕಾನೂನು ಓದಿದವರೆಲ್ಲ ಬಲ್ಲರು. ಆದರೆ ಸಾಹಿತ್ಯದ ಪ್ರಶ್ನೆ ಅಷ್ಟು ಸುಲಭವಾಗಿ ಇತ್ಯರ್ಥವಾಗಲಿಲ್ಲ. ಹಾಡಿಗೆ 'ಲಾ ಕುಂಪಾರ್ಸಿತಾ' ಎಂಬ ಮೂಲ ಹೆಸರು ಮರಳಿ ಸಿಕ್ಕಿತು. ಕೊಂತುರ್ಸಿ 1932ರಲ್ಲಿ ತೀರಿಕೊಂಡ, ಮಾತೋಸ್ 1948ರಲ್ಲಿ ತೀರಿಕೊಂಡ. ವ್ಯಾಜ್ಯ ಇಬ್ಬರಿಗಿಂತಲೂ ದೀರ್ಘಾಯುವಾಯಿತು. ಕಡೆಗೆ 1948ರಲ್ಲಿ ಹಳೆಯ ಸುದ್ದಿವಾಹಕ ಕನಾರೊನೇ ಮಧ್ಯಸ್ಥನಾಗಿ ಕುಳಿತು ಎಲ್ಲರನ್ನೂ ಕಟ್ಟಿಹಾಕುವ ಒಪ್ಪಂದವೊಂದನ್ನು ರೂಪಿಸಿದ: ರಾಯಲ್ಟಿಯಲ್ಲಿ ಶೇಕಡಾ 80 ಮಾತೋಸನ ವಾರಸುದಾರರಿಗೆ, ಶೇಕಡಾ 20 ಕೊಂತುರ್ಸಿಯ ವಾರಸುದಾರರು ಮತ್ತು ಅವನ ಜೊತೆಗಾರನ ಪಾಲಿಗೆ. ಇನ್ನು ಮುಂದೆ ಮುದ್ರಿಸುವ ಪ್ರತಿಗಳಲ್ಲಿ ಎರಡೂ ಸಾಹಿತ್ಯಗಳು ಇರತಕ್ಕದ್ದು, ಮೂರನೆಯದು ಇರಕೂಡದು.

ಈ ತೀರ್ಮಾನದ ವಿವೇಕವನ್ನು ಗಮನಿಸಬೇಕು. ಅನುಮತಿಯಿಲ್ಲದೆ ಪರರ ರಾಗವನ್ನು ಬಳಸಿದ್ದು ತಪ್ಪು. ಆದರೆ ಆ ಮಾತುಗಳಿಲ್ಲದೆ ರಾಗ ಮರೆವಿನಿಂದ ಎದ್ದು ಬರುತ್ತಿರಲಿಲ್ಲವೆಂಬುದೂ ನಿಜ. ಹಾಗಾಗಿ ತಪ್ಪನ್ನು ತಪ್ಪೆಂದೇ ಎಣಿಸಿ, ಕೊಡುಗೆಯನ್ನು ಕೊಡುಗೆಯೆಂದೇ ಗುರುತಿಸಿ ಪಾಲು ಹಂಚಲಾಯಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯೂ ಹಾಡೊಂದರ ರಾಗವನ್ನು ಸಂಗೀತ ಕೃತಿಯೆಂದು, ಮಾತುಗಳನ್ನು ಸಾಹಿತ್ಯ ಕೃತಿಯೆಂದು ಬೇರೆ ಬೇರೆಯಾಗಿಯೇ ಕಾಣುತ್ತದೆ. ಇಲ್ಲಿ ಎರಡು ಕಡೆಯವರ ಮಾತನ್ನೂ ಕೇಳಲಾಯಿತು, ಎರಡನ್ನೂ ಒಂದೇ ಪುಟದಲ್ಲಿ ಅಚ್ಚು ಹಾಕಲು ಆದೇಶವಾಯಿತು. ಹಾಡಿನ ಒಳಗಿರುವ ಹೆಣ್ಣಿಗೆ ದೊರೆಯದ ನ್ಯಾಯ ಹಾಡು ಕಟ್ಟಿದ ಗಂಡಸರಿಗೆ ದೊರೆಯಿತು.

ಇದನ್ನೆಲ್ಲ ಇಲ್ಲಿ ಬರೆಯುತ್ತಿರುವುದು ಸಂಗೀತದ ಕುತೂಹಲಕ್ಕಾಗಿ ಮಾತ್ರವಲ್ಲ. ಒಂದೇ ಕಡೆಯ ಅಳಲನ್ನು ಕೇಳಿ ಕೇಳಿ ಅಭ್ಯಾಸವಾದ ಕಿವಿಗೆ ಮುಂದಿನ ಮೆಟ್ಟಿಲು ತುಂಬಾ ಹತ್ತಿರದಲ್ಲಿರುತ್ತದೆ. ಟ್ಯಾಂಗೊ ಭಂಡಾರದಲ್ಲಿಯೇ ಆ ಮೆಟ್ಟಿಲುಗಳು ಕಾಣುತ್ತವೆ. ಎನ್ರಿಕೆ ಸಾಂತೊಸ್ ದಿಸೆಪೊಲೊ ದೊಡ್ಡ ಕವಿ. ಅವನೂ ಇನ್ನೊಬ್ಬನೂ ಸೇರಿ ಬರೆದ 'ತಪ್ಪೊಪ್ಪಿಗೆ' ಎಂಬ ಹಾಡಿನಲ್ಲಿ ಗಂಡಸೊಬ್ಬ ತಾನು ಬೇಕೆಂದೇ ಕ್ರೂರಿಯಾಗಿ ವರ್ತಿಸಿ, ಹೊಡೆದು, ಅವಳು ತನ್ನನ್ನು ದ್ವೇಷಿಸುವಂತೆ ಮಾಡಿದೆನೆನ್ನುತ್ತಾನೆ. ಏಕೆಂದರೆ ತನ್ನ ಬಡತನದಿಂದ ಅವಳು ಪಾರಾಗಬೇಕಿತ್ತಂತೆ! ಹೊಡೆತವೂ ತ್ಯಾಗವಾಗಿ ಬದಲಾಗುವ ಜಾದೂ ಇದು. ಜೂಲಿಯೊ ನವರ್ರೀನೆ ಬರೆದ 'ಹಣತೆಯ ಬೆಳಕಿನಲ್ಲಿ' ಎಂಬ ಅರ್ಥದ ಹಾಡು ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಹಳ್ಳಿಗನೊಬ್ಬ ಪೊಲೀಸರ ಮುಂದೆ ಶರಣಾಗುತ್ತಾನೆ. ತನ್ನ ಹೆಣ್ಣು ಮತ್ತು ತನ್ನ ಗೆಳೆಯ ತನಗೆ ದ್ರೋಹ ಬಗೆದರೆಂದು ಹೇಳಿ, ಅದಕ್ಕೆ ಪುರಾವೆಯಾಗಿ ಚೀಲದಲ್ಲಿ ತಂದದ್ದನ್ನು ಮುಂದಿಡುತ್ತಾನೆ: ಅವಳ ಜಡೆಗಳು, ಅವನ ಹೃದಯ. ಕೊಲೆಯ ಪುರಾವೆಯನ್ನು ದ್ರೋಹದ ಪುರಾವೆಯೆಂದು ಕರೆಯುವ ಆ ಅದಲುಬದಲನ್ನು ಗಮನಿಸಿ. ಸತ್ತ ಇಬ್ಬರೂ ಮಾತನಾಡಲಾರರು. ಹಾಡು ಮುಗಿಯುವಾಗ ನಮ್ಮ ಕನಿಕರ ಯಾರ ಕಡೆಗಿದೆಯೆಂದು ನಾವೇ ನೋಡಿಕೊಂಡರೆ ಹೆದರಿಕೆಯಾಗಬೇಕು.

ನೋವು ಪುರಾವೆಯಲ್ಲ, ಹಕ್ಕುಪತ್ರವೂ ಅಲ್ಲ. ಇದನ್ನು ಒಪ್ಪಿಕೊಳ್ಳಲು ನಮ್ಮ ಕಾನೂನಿಗೂ ಬಹಳ ಕಾಲ ಹಿಡಿಯಿತು. ಭಾರತ ದಂಡ ಸಂಹಿತೆಯ 497ನೆಯ ಕಲಮು ವ್ಯಭಿಚಾರವನ್ನು ಗಂಡನ ವಿರುದ್ಧದ ಅಪರಾಧವೆಂದು ಕಂಡಿತ್ತು. ಗಂಡನ ಒಪ್ಪಿಗೆಯಿದ್ದರೆ ಅದು ಅಪರಾಧವೇ ಆಗುತ್ತಿರಲಿಲ್ಲ. ಎಂದರೆ ಹೆಂಡತಿ ಅವನ ಸೊತ್ತು, ಕೆಟ್ಟದ್ದು ಅವನ ಸೊತ್ತಿನ ಮೌಲ್ಯ. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಕಲಮನ್ನು ಅಸಾಂವಿಧಾನಿಕವೆಂದು ತೆಗೆದುಹಾಕಿತು. ವಿವಾಹದಲ್ಲಿನ ದ್ರೋಹ ಇಂದಿಗೂ ವಿಚ್ಛೇದನಕ್ಕೆ ಕಾರಣವಾಗಬಹುದು, ಜೈಲಿಗೆ ಕಾರಣವಲ್ಲ. ವಿವಾಹವೇ ಇಲ್ಲದಲ್ಲಿ, ಬರಿಯ ಒಲವಿದ್ದಲ್ಲಿ, 'ನನಗೆ ನೀನು ಬೇಡ' ಎಂಬ ಮಾತು ಯಾರಿಗೂ ಮಾಡಿದ ಅನ್ಯಾಯವಲ್ಲ. ಆ ಮಾತನ್ನು ಕೇಳಿಸಿಕೊಳ್ಳಲಾರದೆ ಹೆಣ್ಣುಮಕ್ಕಳ ಬೆನ್ನು ಹತ್ತಿದ, ಅವರ ಚಿತ್ರಗಳನ್ನು ಹರಡಿದ, ಅದಕ್ಕಿಂತ ಕೆಟ್ಟದ್ದನ್ನು ಮಾಡಿದ ತರುಣರ ಕಡತಗಳು ಎಲ್ಲ ನ್ಯಾಯಾಲಯಗಳಲ್ಲಿಯೂ ಇವೆ. ಅವುಗಳಲ್ಲಿ ಪದೇಪದೇ ಬರುವ ಮಾತು ಒಂದೇ: 'ಅವಳು ನನಗೆ ಮೋಸ ಮಾಡಿದಳು.' ಮೋಸವೆಂದರೇನೆಂದು ಬಿಡಿಸಿ ಕೇಳಿದರೆ ಬಹಳ ಸಲ ಹೊರಬೀಳುವ ಉತ್ತರ, ಅವಳು ಒಲ್ಲೆನೆಂದಳು ಎಂಬಷ್ಟೇ.

ಹಾಗೆಂದು ಹಾಡುಗಳನ್ನು ಕೇಳಬಾರದೆ? ಹಾಗೆನ್ನುವುದು ಮೂರ್ಖತನ. 'ನಿನಗೆ ತಿಳಿದಿದ್ದರೆ' ಎನ್ನುವ ಆ ಗಂಡಸು ಅವಳ ಮನೆಯ ಬಾಗಿಲು ಬಡಿಯಲಿಲ್ಲ, ಬೆದರಿಸಲಿಲ್ಲ, ಅವಳ ಹೆಸರು ಕೆಡಿಸಲಿಲ್ಲ. ತನ್ನ ಕೋಣೆಯಲ್ಲಿ ಕುಳಿತು ಹಾಡಿದ. ನೋವನ್ನು ಹಾಡಾಗಿಸುವುದು ಮನುಷ್ಯ ಕಂಡುಕೊಂಡ ಅತ್ಯಂತ ನಿರಪಾಯದ ಪರಿಹಾರ. ಆ ಹಾಡು ನೂರು ವರ್ಷ ಬಾಳಿರುವುದಕ್ಕೆ ಅದರಲ್ಲಿ ಆರೋಪವಿಲ್ಲದಿರುವುದೂ ಒಂದು ಕಾರಣವೆಂದು ನನಗೆ ತೋರುತ್ತದೆ. ಬೇಕಾದದ್ದು ಹಾಡನ್ನು ಮುಚ್ಚುವುದಲ್ಲ, ಇನ್ನೊಂದು ಕುರ್ಚಿಯನ್ನು ಹಾಕುವುದು.

ಟ್ಯಾಂಗೊ ಲೋಕದಲ್ಲಿಯೂ ಆ ಕುರ್ಚಿ ಮೆಲ್ಲಗೆ ಬಂತು. 1920ರ ದಶಕದಲ್ಲಿ ಅಸುಸೇನಾ ಮೈಸಾನಿಯಂತಹ ಗಾಯಕಿಯರು ವೇದಿಕೆ ಏರಿದರು. ಗಂಡಸರಿಗಾಗಿ ಬರೆದ ಸಾಲುಗಳನ್ನು ಅವಳು ಕೆಲವೊಮ್ಮೆ ಗಂಡಸಿನ ಉಡುಪು ತೊಟ್ಟೇ ಹಾಡಿದಳು. ಹಿಂದೊಮ್ಮೆ ತಾನು ಹುಚ್ಚನಾಗಿ ಪ್ರೀತಿಸಿದವಳ ಮುಪ್ಪನ್ನು ಕಂಡು ಹೀಯಾಳಿಸುವ ದಿಸೆಪೊಲೊನ ಹಾಡನ್ನು 1928ರಲ್ಲಿ ಮೊದಲು ಹಾಡಿದವಳೂ ಅವಳೇ. ಹೆಣ್ಣಿನ ಕೊರಳಿನಿಂದ ಬಂದಾಗ ಆ ಹೀಯಾಳಿಕೆಯ ಅರ್ಥ ತುಸುವಾದರೂ ಕದಲಿರಬೇಕು. ಬರವಣಿಗೆಯಲ್ಲಿ ಮರಿಯಾ ಲುಯಿಸಾ ಕಾರ್ನೆಲ್ಲಿ ಎಂಬ ಪತ್ರಕರ್ತೆ ಹಲವು ಟ್ಯಾಂಗೊಗಳನ್ನು ರಚಿಸಿದಳು. ಆದರೆ ಅವುಗಳ ಮೇಲಿದ್ದದ್ದು 'ಲುಯಿಸ್ ಮಾರಿಯೊ', 'ಮಾರಿಯೊ ಕಾಸ್ತ್ರೊ' ಎಂಬ ಗಂಡಸರ ಹೆಸರುಗಳು. ಹೆಣ್ಣು ಬರೆಯಬಹುದಿತ್ತು, ಹೆಣ್ಣಾಗಿ ಸಹಿ ಹಾಕುವುದು ಕಷ್ಟವಾಗಿತ್ತು. ಪ್ರತಿವಾದಿ ಹಾಜರಾಗಿದ್ದಳು, ಹಾಜರಿ ಪುಸ್ತಕದಲ್ಲಿ ಮಾತ್ರ ಬೇರೆ ಹೆಸರಿತ್ತು.

ನಮ್ಮ ಶಾಲೆಗಳ ಅಧ್ಯಾಪಕರಲ್ಲಿ, ಮನೆಯ ಹಿರಿಯರಲ್ಲಿ ನನ್ನದೊಂದು ಸಣ್ಣ ಕೋರಿಕೆ. ಮಕ್ಕಳ ಕೈಯಲ್ಲಿ ಈಗ ಮೊಬೈಲು ಇದೆ. ಎಲ್ಲ ಭಾಷೆಗಳ ಪ್ರೇಮಭಂಗದ ಹಾಡುಗಳೂ ಅವರ ಕಿವಿಗೆ ಬೀಳುತ್ತವೆ. ಅದನ್ನು ತಡೆಯಲಾರೆವು, ತಡೆಯಬೇಕಾಗಿಯೂ ಇಲ್ಲ. ಪ್ರೌಢಶಾಲೆಯ ಕನ್ನಡ ತರಗತಿಯಲ್ಲಿ ಒಂದು ದಿನ ಪ್ರಬಂಧದ ಬದಲು ಇಂಥದೊಂದು ಅಭ್ಯಾಸ ಕೊಟ್ಟು ನೋಡಿ: ಮಕ್ಕಳಿಗೆ ಪರಿಚಿತವಾದ ವಿರಹದ ಹಾಡೊಂದನ್ನು ಆರಿಸಿ, ಅದರಲ್ಲಿ ಮಾತನಾಡದೆ ಉಳಿದವರ ಪತ್ರವನ್ನು ಅವರಿಂದ ಬರೆಸಿ. ಹೋದವಳು ಏಕೆ ಹೋದಳು, ಹೋಗುವ ಮುನ್ನ ಎಷ್ಟು ದಿನ ಯೋಚಿಸಿದಳು, ಅವಳ ಕಿಟಕಿಯಲ್ಲಿ ಈಗ ಬಿಸಿಲು ಬರುತ್ತಿದೆಯೆ? ಗಂಡುಮಕ್ಕಳೂ ಬರೆಯಲಿ, ಮುಖ್ಯವಾಗಿ ಅವರೇ ಬರೆಯಲಿ. ನಮ್ಮ ಕಾಳಿದಾಸನ ಶಕುಂತಲೆ ರಾಜಸಭೆಯಲ್ಲಿ ನಿಂತು ತನ್ನ ಪಕ್ಷವನ್ನು ತಾನೇ ವಾದಿಸಿದ್ದನ್ನು ಪಾಠದಲ್ಲಿ ಓದಿದ ಮಕ್ಕಳಿಗೆ ಇದು ಅಸಾಧ್ಯವೇನಲ್ಲ.

ಆ ಪತ್ರಕ್ಕೆ ಹೊಸ ಶೀರ್ಷಿಕೆ ಹುಡುಕುವ ಅಗತ್ಯವೂ ಇಲ್ಲ. ಕೊಂತುರ್ಸಿ ಕೊಟ್ಟ ಹೆಸರೇ ಸಾಕು. 'ನಿನಗೆ ತಿಳಿದಿದ್ದರೆ' ಎಂದು ಅವಳೂ ಆರಂಭಿಸಬಹುದು.